ಏಳನೇ ಮಹಡಿಯ ದನಿ

ಆ ಮನೆಯ ಕಿರಿಮಗನಿಗೆ ಕಾರ್ಖಾನೆಯವರು ಇಟ್ಟ ಹೆಸರು ಆಯ್ತಣ್ಣ. ಯಾರು ಏನು ಕೇಳಿದರೂ, ಕೇಳಿ ಮುಗಿಸುವ ಮೊದಲೇ "ಆಯ್ತು ಬಿಡಿ" ಎಂದುಬಿಡುವುದು ಅವನ ಅಭ್ಯಾಸ. ಅದರಲ್ಲಿ ಎಷ್ಟು ನಿಜವಾಗಿ ಆಯಿತು, ಎಷ್ಟು ಬಾಯಲ್ಲೇ ಉಳಿಯಿತು ಎಂಬ ತಲೆನೋವು ಮಾತ್ರ ಅವನ ಅತ್ತಿಗೆಯದು.

ಕಾರ್ಖಾನೆ ದೊಡ್ಡದೇನಲ್ಲ. ಕೆಳಗೆ ತಗಡು ಕತ್ತರಿಸುವ ಸದ್ದು, ಮೇಲೆ ಐದು ಮೇಜು, ಮೂಲೆಯಲ್ಲೊಂದು ಕಿಟಕಿಯಿಲ್ಲದ ಕೋಣೆ. ಲಿಫ್ಟ್ ರಿಪೇರಿ ಮಾಡಿಕೊಂಡಿದ್ದ ಅವಳ ಮಾವ, ಮೋಟಾರುಗಳ ಪಕ್ಕ ನಿಂತೂ ನಿಂತೂ ಕಿವಿ ಮಂದವಾದ ಮೇಲೆ ಶುರುಮಾಡಿದ್ದು ಇದು. ಲಿಫ್ಟಿನೊಳಗೆ ಕೂರಿಸುವ ಪುಟ್ಟ ಪೆಟ್ಟಿಗೆ. ಯಾವ ಮಹಡಿ ಬಂತೆಂದು ತೋರಿಸುತ್ತದೆ, ಬಾಯಿಬಿಟ್ಟು ಹೇಳುತ್ತದೆ. ಒಳಗೆ ಓಡುವುದು ಲಿನಕ್ಸ್ ಎಂಬ ಪುಕ್ಕಟೆ ಸಾಫ್ಟ್‌ವೇರು. ಅದನ್ನು ಪೆಟ್ಟಿಗೆಯ ಅಳತೆಗೆ ಕತ್ತರಿಸಿ, ಹೊಂದಿಸಿ ಕಟ್ಟುವವಳು ಸೊಸೆ, ಅಂದರೆ ಆಯ್ತಣ್ಣನ ಆ ಅತ್ತಿಗೆ. ಬಾಯಿ ಅತ್ತೆಯದು. "ಬಾಗಿಲು ಮುಚ್ಚುತ್ತಿದೆ" ಎಂದು ಅತ್ತೆ ಹೇಳಿದ ದನಿಗೆ ನೂರಾರು ಲಿಫ್ಟುಗಳಲ್ಲಿ ಜನ ಸರಕ್ಕನೆ ಕಾಲು ಹಿಂದೆಗೆದುಕೊಳ್ಳುತ್ತಿದ್ದರು.

ಒಂದು ಆಸ್ಪತ್ರೆ ತನ್ನ ಲಿಫ್ಟುಗಳಿಗೆಲ್ಲ ಈ ಪೆಟ್ಟಿಗೆಯೇ ಬೇಕೆಂದಿತು. ಆದರೆ ಒಂದು ಷರತ್ತು. ಅವರ ತಪಾಸಣಾಧಿಕಾರಿಯ ಕಣ್ಣೆದುರೇ, ಇಂಟರ್ನೆಟ್ ಇಲ್ಲದ ಕೋಣೆಯಲ್ಲಿ, ಅಲ್ಲೇ ಡಿಸ್ಕಿನಲ್ಲಿ ಉಳಿಸಿಟ್ಟ ಮೂಲ ಕಡತಗಳಿಂದಲೇ ಇಡೀ ಸಾಫ್ಟ್‌ವೇರನ್ನು ಕಟ್ಟಿ ತೋರಿಸಬೇಕು. ಇನ್ನು ಹತ್ತು ವರ್ಷದ ಮೇಲೆ ಪೆಟ್ಟಿಗೆ ಕೆಟ್ಟು, ಅಷ್ಟರಲ್ಲಿ ಮೂಲವಿದ್ದ ವೆಬ್‌ಸೈಟು ಮುಚ್ಚಿಹೋಗಿದ್ದರೆ, ರೋಗಿಯನ್ನು ಹೊತ್ತು ಮೆಟ್ಟಿಲು ಹತ್ತುವವರು ಯಾರು ಎಂಬುದು ಅವರ ಪ್ರಶ್ನೆ.

"ಅಂದ್ರೆ ಒಲೆ ಹಚ್ಚಿದ್ಮೇಲೆ ಉಪ್ಪು ತರೋಕೆ ಅಂಗಡಿಗೆ ಓಡಬಾರ್ದು ಅಂತ ತಾನೆ?" ಎಂದರು ಅತ್ತೆ.

"ಅಷ್ಟೇ ಅತ್ತೆ. ಆದ್ರೆ ನಮ್ಮದು ನಾನೂರ ಹನ್ನೆರಡು ಡಬ್ಬ. ಒಂದು ಇಲ್ದಿದ್ರೂ ಅಡುಗೆ ಅರ್ಧಕ್ಕೇ ನಿಲ್ಲುತ್ತೆ."

ಆ ಡಬ್ಬಗಳನ್ನು ಒಂದೊಂದಾಗಿ ತಂದು ಡಿಸ್ಕಿನಲ್ಲಿ ಜೋಡಿಸಲು ಎರಡು ವಾರ ಬೇಕೆಂದು ಸೊಸೆ ಹೇಳುತ್ತಿರುವಾಗಲೇ ಆಯ್ತಣ್ಣ ಫೋನಿನಲ್ಲಿ "ಗುರುವಾರ ಬನ್ನಿ ಮೇಡಂ, ಆಯ್ತು ಬಿಡಿ" ಎಂದು ಮುಗಿಸಿದ್ದ. ಉಳಿದದ್ದು ಆರು ದಿನ.

"ನೀವ್ಯಾಕೆ ಅತ್ತಿಗೆ ಇಷ್ಟೊಂದು ಹಚ್ಕೋತೀರ? ಆ ಕೋಣೆ ನನಗೆ ಬಿಡಿ," ಎಂದ.

ಬಿಟ್ಟಳು. ಸೋಮವಾರ ಮಧ್ಯಾಹ್ನ ಅವನು ಕೋಣೆಯಿಂದ ಹೊರಬಂದದ್ದು ಕುಸ್ತಿ ಗೆದ್ದವನ ಹಾಗೆ. ಗೋಡೆಯಿಂದ ಕಿತ್ತ ನೆಟ್‌ವರ್ಕ್ ಕೇಬಲ್ಲನ್ನು ಹಾರದಂತೆ ಹೆಗಲಿಗೆ ಹಾಕಿಕೊಂಡಿದ್ದ. ಒಳಗೆ ಪರದೆಯ ಮೇಲೆ ಕೆಲಸ ಮುಗಿದ ಹಸಿರು ಸಾಲು. ಪೆಟ್ಟಿಗೆ ಅತ್ತೆಯ ದನಿಯಲ್ಲಿ "ಮೂರನೇ ಮಹಡಿ" ಎನ್ನುತ್ತಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಸೊಸೆಯೂ ತಟ್ಟಿದಳು, ಮನಸ್ಸಿಲ್ಲದೆ. ದನಿ ಹೊರಡಿಸುವ ಕಡತವನ್ನು ಅವಳಿನ್ನೂ ಆ ಡಿಸ್ಕಿಗೆ ಹಾಕಿಯೇ ಇರಲಿಲ್ಲ.

ಎಲ್ಲರೂ ಊಟಕ್ಕೆ ಎದ್ದ ಮೇಲೆ ಕೋಣೆಗೆ ಹೋಗಿ ಕಂಪ್ಯೂಟರಿನ ದಾಖಲೆ ತೆರೆದಳು. ಬೆಳಿಗ್ಗೆ ಹತ್ತರಿಂದ ಹನ್ನೆರಡರೊಳಗೆ ಅರವತ್ತೊಂದು ಕಡತ ಹೊರಗಿನಿಂದ ಬಂದಿದ್ದವು. ಬೀರುವಿನ ಹಿಂದಿನಿಂದ ಒಂದು ಬಿಳಿ ಚಾರ್ಜರ್ ವೈರು ನಾಚಿಕೊಂಡು ಇಣುಕುತ್ತಿತ್ತು. ಕುರ್ಚಿ ಹತ್ತಿ ನೋಡಿದರೆ ಬೀರುವಿನ ಮೇಲೊಂದು ಟಿಶ್ಯೂ ಡಬ್ಬ. ಟಿಶ್ಯೂಗಳ ಅಡಿಯಲ್ಲಿ ಹಾಟ್‌ಸ್ಪಾಟ್ ಹಚ್ಚಿಕೊಂಡು ಮಲಗಿದ್ದ ಹಳೆಯ ಫೋನು.

ಅವಳಿಗೆ ಸಿಟ್ಟು ನೆತ್ತಿಗೇರಿತು, ಆಮೇಲೆ ನಗು ಬಂತು. ನೇರವಾಗಿ ಕೇಳಿದರೆ ಹಲ್ಲುಕಿರಿದು "ಆಯ್ತು ಬಿಡಿ" ಎನ್ನುತ್ತಾನೆ. ಡಬ್ಬವನ್ನು ಇದ್ದ ಹಾಗೇ ಇಟ್ಟು, ನೆಟ್ಟಗೆ ಮನೆಗೆ ಹೋಗಿ ಅತ್ತೆಯ ಎದುರು ಕೂತಳು.

"ಅತ್ತೆ, ನಿಮ್ಮಿಂದ ಒಂದು ಮಾತು ರೆಕಾರ್ಡ್ ಮಾಡಿಸ್ಕೋಬೇಕಿತ್ತು."

ವಿಷಯ ಕೇಳಿದ ಅತ್ತೆಯ ಕಣ್ಣಲ್ಲಿ ಮಿಂಚು. ಬರೆದುಕೊಟ್ಟದ್ದು ಒಂದು ವಾಕ್ಯ. ಇನ್ನೊಂದನ್ನು ಅವರೇ ಸೇರಿಸಿದರು.

ಮಂಗಳವಾರ ಅವಳು ಎರಡು ಕೆಲಸ ಮಾಡಿದಳು. ಕಂಪ್ಯೂಟರು ಹೊರಗಿನಿಂದ ಏನಾದರೂ ತರಲು ಕೈಚಾಚಿದರೆ ಸಾಕು, ಸ್ಪೀಕರು ಮಾತಾಡುವಂತೆ ಹತ್ತು ಸಾಲು ಬರೆದಳು. ಸೋಮವಾರ ಬಂದು ಸೇರಿದ್ದ ಅರವತ್ತೊಂದು ಕಡತಗಳನ್ನು ಡಿಸ್ಕಿನಿಂದ ಎತ್ತಿ ತನ್ನ ಹತ್ತಿರ ಇಟ್ಟುಕೊಂಡಳು.

ಬುಧವಾರ ಎಲ್ಲರೆದುರು ಇನ್ನೊಂದು ಸಲ ಕಟ್ಟಿ ತೋರಿಸುತ್ತೇನೆಂದು ಆಯ್ತಣ್ಣನೇ ಎಲ್ಲರನ್ನೂ ಸೇರಿಸಿದ್ದ. ಮಾವನಿಗೆ ಮುಂದಿನ ಕುರ್ಚಿ. ಗುಂಡಿ ಒತ್ತಿ, ಕೈಕಟ್ಟಿ ನಿಂತ. ಎರಡು ನಿಮಿಷ ಸಾಲುಗಳು ಸುಮ್ಮನೆ ಓಡಿದವು. ಆಮೇಲೆ, ಲಿಫ್ಟಿನಲ್ಲಿ ಕೇಳುವಷ್ಟೇ ಸಾವಧಾನದ ದನಿ:

"ದಯವಿಟ್ಟು ಗಮನಿಸಿ. ಬೀರುವಿನ ಮೇಲೆ, ಟಿಶ್ಯೂ ಡಬ್ಬದ ಒಳಗೆ, ಒಂದು ಫೋನ್ ಇದೆ. ಕಳ್ಳ ನನ್ನ ಹೊಟ್ಟೆಯಲ್ಲೇ ಹುಟ್ಟಿದವನು."

ಮಾವ ಬಾಗಿಲ ಕಡೆ ತಿರುಗಿ ನೋಡಿದರು. "ನಿಮ್ಮಮ್ಮ ಯಾವಾಗ ಬಂದ್ಲೋ?"

ಆಯ್ತಣ್ಣ ಸ್ಪೀಕರಿನ ಮೇಲೆ ಅಂಗೈ ಒತ್ತಿ ಹಿಡಿದ. ದನಿ ಬೆರಳ ಸಂದಿಯಿಂದ ಬಂತು. ಅರವತ್ತೊಂದು ಕಡತಗಳಲ್ಲಿ ಅದು ಮೊದಲನೆಯದು ಮಾತ್ರ. ಏಳನೆಯ ಸಲಕ್ಕೆ, ಕೆಳಗಿನಿಂದ ಬಂದಿದ್ದ ಬೆಸುಗೆಯವನು ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. ಹನ್ನೊಂದನೆಯ ಸಲಕ್ಕೆ ಆಯ್ತಣ್ಣ ತಾನೇ ಕುರ್ಚಿ ಹತ್ತಿ ಡಬ್ಬದೊಳಗಿನ ಫೋನು ಹೊರತೆಗೆದ.

"ಅತ್ತಿಗೆ, ಸಾಕು. ಏನು ಮಾಡ್ಬೇಕು ಹೇಳಿ."

"ಕೂತ್ಕೋ. ನಾನು ಎತ್ತಿಟ್ಟ ಅರವತ್ತೊಂದನ್ನೂ ವಾಪಸ್ ಹಾಕ್ತಾ ಹೆಸರು ಓದ್ತೀನಿ, ಡಿಸ್ಕಿಗೆ ಬಂತಾ ಅಂತ ಒಂದೊಂದೇ ನೋಡಿ ಗುರುತು ಹಾಕು."

ಸಂಜೆ ನಾಲ್ಕರ ಹೊತ್ತಿಗೆ ಗುರುತು ಹಾಕಿ ಮುಗಿಯಿತು. ಫೋನಿಲ್ಲದೆ, ಕೇಬಲಿಲ್ಲದೆ, ಎಲ್ಲವೂ ಪ್ರಾಮಾಣಿಕವಾಗಿ ಕಟ್ಟಿಕೊಂಡಿತು. ಸೊಸೆ ಗೆದ್ದ ಖುಷಿಯಲ್ಲಿ ಮನೆಗೆ ಬಂದರೆ ಅತ್ತೆಯದೊಂದು ತಕರಾರು. "ಮೊನ್ನೆ ರೆಕಾರ್ಡ್ ಮಾಡೋವಾಗ ಹಾಗೇ ನನ್ನ ಹಳೇ ದನೀನೂ ಕೇಳಿಸ್ಕೊಂಡೆ ಕಣೇ. 'ಏಳನೇ ಮಹಡಿ' ಅನ್ನೋವಾಗ ನನಗೆ ನೆಗಡಿ ಇದ್ದ ಹಾಗಿದೆ. ಆಸ್ಪತ್ರೆಗೆ ಆ ದನಿ ಕೊಡೋಕಾಗುತ್ತಾ?" ಎಲ್ಲ ಮಹಡಿಗಳನ್ನೂ ಹೊಸದಾಗಿ ಹೇಳಿದರು. ಸೊಸೆ ಹೊಸ ದನಿಯನ್ನು ಮನೆಯ ಕಂಪ್ಯೂಟರಿನಲ್ಲಿಟ್ಟು, ಗುರುವಾರ ಬೆಳಿಗ್ಗೆ ಬೇಗ ಹೋಗಿ ಕೋಣೆಯ ಕಂಪ್ಯೂಟರಿನ ಕಡತಗಳ ಪಟ್ಟಿಯಲ್ಲಿ ದನಿಯ ಸಾಲು ಬದಲಿಸಿ, ಡಿಸ್ಕಿನಲ್ಲಿದ್ದ ಹಳೆಯ ದನಿಯನ್ನು ಅಳಿಸಿದಳು.

ತಪಾಸಣಾಧಿಕಾರಿ ಸರಿಯಾಗಿ ಒಂಬತ್ತಕ್ಕೆ ಬಂದರು. ಕುಳ್ಳಗಿನ ಹೆಂಗಸು, ಮೂಗಿನ ಮೇಲೊಂದು ಕನ್ನಡಕ, ತಲೆಯ ಮೇಲೊಂದು. ಎಲ್ಲರ ಫೋನನ್ನೂ ತಗಡಿನ ಡಬ್ಬಕ್ಕೆ ಹಾಕಿಸಿ, ಕೋಣೆಯ ಮೂಲೆಮೂಲೆ ನೋಡಿ, "ಇನ್ನು ಹೊರಗಿಂದ ಒಂದು ಕಡತಾನೂ ಒಳಗೆ ಬರೋ ಹಾಗಿಲ್ಲ. ಶುರು ಮಾಡಿ," ಎಂದರು.

ಕಾಲು ಗಂಟೆ ಓಡಿತು. ಅರ್ಧ ಗಂಟೆ. ಸೊಸೆ ಚಹಾ ಲೋಟ ಕೈಗೆತ್ತಿಕೊಂಡಳು.

"ದಯವಿಟ್ಟು ಗಮನಿಸಿ. ಬೀರುವಿನ ಮೇಲೆ, ಟಿಶ್ಯೂ ಡಬ್ಬದ ಒಳಗೆ..."

ಎಲ್ಲರ ಕಣ್ಣೂ ಆಯ್ತಣ್ಣನ ಮೇಲೆ. ಅವನ ಮುಖ ಬಿಳಿಚಿಕೊಂಡಿತು. "ನಾನಲ್ಲ! ಅತ್ತಿಗೆ, ಈ ಸಲ ನಿಜವಾಗ್ಲೂ ನಾನಲ್ಲ!" ಅಧಿಕಾರಿ ಕುರ್ಚಿ ಹತ್ತಿದರು. ಡಬ್ಬ ಇಳಿಸಿ, ಟಿಶ್ಯೂಗಳನ್ನು ಒಂದೊಂದಾಗಿ ಎಳೆದು ಮೇಜಿನ ಮೇಲೆ ರಾಶಿ ಹಾಕಿದರು. ಕೊನೆಯದೂ ಬಂತು. ಫೋನಿಲ್ಲ.

ಸೊಸೆ ಪರದೆಯನ್ನು ನೋಡಿದಳು. ಸಿಗದ ಕಡತದ ಹೆಸರು ಕೆಂಪಕ್ಷರದಲ್ಲಿತ್ತು: ಮಹಡಿಗಳ ದನಿ. ಪಟ್ಟಿ ಬದಲಿಸಿದವಳು ಹೊಸ ದನಿಯನ್ನು ಮನೆಯಿಂದ ಡಿಸ್ಕಿಗೆ ತರುವುದನ್ನೇ ಮರೆತಿದ್ದಳು; ಅಲ್ಲಿ ಸಿಗದ್ದಕ್ಕೆ ಕಂಪ್ಯೂಟರು ಹೊರಗೆ ಕೈಚಾಚಿತ್ತು. ನಾನೂರ ಹನ್ನೆರಡರಲ್ಲಿ ತಪ್ಪಿದ್ದು ಒಂದೇ, ಅದೂ ತನ್ನ ಕೈಯಿಂದ. ಒಂದು ಗಳಿಗೆ ಸುಮ್ಮನಿರೋಣವೆನ್ನಿಸಿತು; ಮೈದುನನ ಮೇಲೆ ಅನುಮಾನ ಆಗಲೇ ಅಚ್ಚುಕಟ್ಟಾಗಿ ಕೂತಿತ್ತಲ್ಲ. ಅವನ ಮುಖ ನೋಡಿ ನಾಚಿಕೆಯಾಯಿತು.

"ಅವನದಲ್ಲ ಮೇಡಂ, ತಪ್ಪು ನನ್ನದು," ಎಂದು ಮೊದಲಿಂದ ಕೊನೆಯವರೆಗೆ ಹೇಳಿದಳು. ಹಾಟ್‌ಸ್ಪಾಟಿನ ವಿಷಯ ಬಂದಾಗ ಮಾತ್ರ "ಮನೆಯವರ ಒಂದು ಹುಡುಗಾಟ" ಎಂದು ತೇಲಿಸಿದಳು.

ಅಧಿಕಾರಿ ಮೂಗಿನ ಕನ್ನಡಕ ತೆಗೆದು, ತಲೆಯ ಮೇಲಿನದನ್ನು ಮೂಗಿಗಿಳಿಸಿ ತಮ್ಮ ನಿಯಮಾವಳಿ ತಿರುವಿದರು. "ಎರಡನೇ ಸಲಕ್ಕೆ ಅವಕಾಶ ಇದೆ. ಆದ್ರೆ ಕಡತ ಒಳಗೆ ತರೋ ಹಾಗಿಲ್ಲ."

ಸೊಸೆ ತಲೆ ಮೇಲೆ ಕೈ ಹೊತ್ತು ಕೂತಳು. ಆಯ್ತಣ್ಣ ಮಾತ್ರ ಮೆಲ್ಲಗೆ ಕೆಮ್ಮಿದ.

"ಮೇಡಂ, ಮನುಷ್ಯರು ಬರಬಹುದಾ?"

"ಫೋನಿಲ್ದೆ ಬಂದ್ರೆ ಬರಲಿ. ಯಾಕೆ?"

"ಮೂಲವನ್ನೇ ಕರ್ಕೊಂಡು ಬರ್ತೀನಿ."

ಇಪ್ಪತ್ತು ನಿಮಿಷದಲ್ಲಿ ಸ್ಕೂಟರಿನ ಹಿಂದೆ ಅತ್ತೆ ಬಂದಿಳಿದರು. ಮನೆಯ ಚಪ್ಪಲಿಯಲ್ಲೇ ಬಂದಿದ್ದರೂ ಗತ್ತಿಗೇನೂ ಕಡಿಮೆಯಿರಲಿಲ್ಲ. ಕಂಪ್ಯೂಟರಿನ ಮೈಕಿನೆದುರು ಕೂತು, ಕೆಳಗೆ ತಗಡು ಕತ್ತರಿಸುವವರಿಗೆ ಕೆಲಸ ನಿಲ್ಲಿಸಲು ಹೇಳಿ ಕಳಿಸಿ, ನೆಲಮಹಡಿಯಿಂದ ಹನ್ನೆರಡರವರೆಗೆ ಒಂದೇ ಉಸಿರಿನ ಹದದಲ್ಲಿ ಹೇಳಿದರು. ಏಳನ್ನು ಮಾತ್ರ ಮೂರು ಸಲ. ಸೊಸೆ ಅದನ್ನು ಅಲ್ಲೇ ಡಿಸ್ಕಿನಲ್ಲಿ ಉಳಿಸಿ ಪಟ್ಟಿ ತಿದ್ದಿದಳು. ಮೈದುನ ಹೆಸರು ಓದಿ ಗುರುತು ಹಾಕಿದ.

ಮಧ್ಯಾಹ್ನ ಎರಡೂವರೆಗೆ ಹಸಿರು ಸಾಲು ಬಂತು. ಈ ಸಲ ಸ್ಪೀಕರು ತುಟಿಪಿಟಕ್ಕೆನ್ನಲಿಲ್ಲ. ಪೆಟ್ಟಿಗೆ "ಏಳನೇ ಮಹಡಿ" ಎಂದಾಗ ಮಾವನಿಗೂ ಕೇಳಿಸಿ, ಹೆಂಡತಿಯ ಕಡೆ ನೋಡಿ ತಲೆದೂಗಿದರು.

ಅಧಿಕಾರಿ ಕೊನೆಯ ಹಾಳೆ ತೆಗೆದರು. ಪ್ರತಿ ಮೂಲ ಕಡತದ ಮುಂದೆ ಅದರ ಒಡೆಯರು ಯಾರು, ಬಳಸಲು ಪರವಾನಗಿ ಏನು ಎಂದು ಬರೆಯಬೇಕಿತ್ತು. ನಾನೂರ ಹನ್ನೊಂದಕ್ಕೆ ಸೊಸೆ ಮೊದಲೇ ಬರೆದಿದ್ದಳು.

"ಈ ದನಿಗೆ?"

"ಒಡತಿ ನಾನೇ," ಎಂದರು ಅತ್ತೆ, ಪೆನ್ನು ಕಸಿದುಕೊಂಡು. "ಯಾರು ಬೇಕಾದ್ರೂ ಪುಕ್ಕಟೆ ಕೇಳಬಹುದು ಅಂತ ಬರೀತೀನಿ. ಆದ್ರೆ ಇವರಿಬ್ರು ಮತ್ತೆ ಜಗಳ ಆಡಿದ್ರೆ ವಾಪಸ್ ತಗೋತೀನಿ ಅಂತ ಬರೆಯೋಕೆ ಜಾಗ ಎಲ್ಲಿದೆ ಇದ್ರಲ್ಲಿ?"

"ಷರಾ ಅನ್ನೋ ಕಡೆ ಬರೀರಿ," ಎಂದರು ಅಧಿಕಾರಿ. ಅತ್ತೆ ಬರೆದು ಮುಗಿಸುವವರೆಗೂ ಕಾದು, ಅದರ ಕೆಳಗೆ ರುಜು ಹಾಕಿದರು.