ದೇವರ ಗೂಡಿನ ಕೆಳಗಿನ ಕಂಪ್ಯೂಟರ್

"ಇದಕ್ಯಾಕೆ ಇಷ್ಟು ಮೈ ಬಿಸಿ?"

ಶಕುಂತಲಾ ಕೇಳಿದ್ದು ಯಾರನ್ನೂ ಅಲ್ಲ. ಕೋಣೆಯಲ್ಲಿ ಆಗ ಯಾರೂ ಇರಲಿಲ್ಲ. ಜ್ವರದ ಮಗುವಿನ ಹಣೆ ಮುಟ್ಟುವ ಹಾಗೆ ಮಗನ ಕಂಪ್ಯೂಟರ್ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟವಳು ತಟ್ಟನೆ ತೆಗೆದಳು. ಪರದೆ ಕಪ್ಪಾಗಿತ್ತು. ಹೆಡ್‌ಫೋನನ್ನು ಕುರ್ಚಿಯ ಮೇಲೆಸೆದು ಕಿರಣ ಆಗಷ್ಟೇ ಬಚ್ಚಲಿಗೆ ಹೋಗಿದ್ದ. ನಲ್ಲಿ ಸುರಿಯುವ ಸದ್ದು ಮಾತ್ರ ಬರುತ್ತಿತ್ತು. ಆಟದ ನಡುವೆ ಪರದೆ ಹೀಗೆ ಕಪ್ಪಾದದ್ದು ಈ ವಾರದಲ್ಲಿ ಮೂರನೇ ಸಲ.

ಸೂರತ್ತಿಗೂ ಅಹಮದಾಬಾದಿಗೂ ನಡುವಿನ ಊರಿನ ಅಲ್ಕಾಪುರಿ ಬಡಾವಣೆಯಲ್ಲಿ ಅವಳ ಗಂಡ ಲಕ್ಷ್ಮೀನಾರಾಯಣನ ಉಡುಪಿ ಹೋಟೆಲು. ಅದರ ಮೇಲೆಯೇ ಅವರ ಎರಡು ಕೋಣೆಯ ಮನೆ. ಕೆಳಗಿನ ಒಗ್ಗರಣೆಯ ಹೊಗೆ ಬೆಳಿಗ್ಗೆ ಐದರಿಂದಲೇ ಕಿಟಕಿ ಹತ್ತಿ ಬರುತ್ತಿತ್ತು. ಒಳಕೋಣೆಯ ಗೋಡೆಯಲ್ಲಿ ದೇವರ ಗೂಡು, ಅದರ ಕೆಳಗೆ ಗಿಡ್ಡ ಮೇಜು, ಮೇಜಿನ ಮೇಲೆ ಕಂಪ್ಯೂಟರ್. ನಿಲ್ಲಿಸುವಷ್ಟು ಎತ್ತರವಿಲ್ಲದ್ದರಿಂದ ಪೆಟ್ಟಿಗೆಯನ್ನು ಮಲಗಿಸಿಟ್ಟಿದ್ದರು. ಮಗ್ಗುಲಿನ ಜಾಲರಿ ಮೇಲೆ ಬಂದಿತ್ತು. ಕಿರಣನಿಗೆ ಹದಿಮೂರು ತುಂಬಿದಾಗ ತಂದದ್ದು. ಈಗ ಅವನಿಗೆ ಹತ್ತೊಂಬತ್ತು.

ಕಿರಣನಿಗೆ ಮಾತು ತೊದಲುತ್ತದೆ. ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡು ಕುತ್ತಿಗೆಯ ನರ ಉಬ್ಬುತ್ತದೆ; ಎದುರಿನವರು ಬೇರೆ ಕಡೆ ನೋಡತೊಡಗುತ್ತಾರೆ. ರಿಕ್ಷಾದವನಿಗೆ, ಡಾಕ್ಟರಿಗೆ, ಕಾಲೇಜಿನ ಆಫೀಸಿಗೆ ಅವನ ಪರವಾಗಿ ಹೇಳುವವಳು ಶಕುಂತಲಾ. ಅವನು ಬಾಯಿ ತೆರೆದರೆ ಸಾಕು, ಉಳಿದದ್ದನ್ನು ಅವಳು ಮುಗಿಸುತ್ತಿದ್ದಳು.

ಆದರೆ ಹೆಡ್‌ಫೋನ್ ಹಾಕಿ ಕಂಪ್ಯೂಟರಿನ ಆಟಕ್ಕೆ ಕುಳಿತನೆಂದರೆ ಅವನ ನಾಲಿಗೆ ಎಲ್ಲಿಯೂ ತಡೆಯುತ್ತಿರಲಿಲ್ಲ. ಸೂರತ್ತಿನಲ್ಲಿ ಇಬ್ಬರು, ಅಹಮದಾಬಾದಿನಲ್ಲಿ ಇಬ್ಬರು, ಇಲ್ಲಿ ಇವನು. ಐದು ಜನರ ತಂಡಕ್ಕೆ ನಿಲ್ಲಿ, ಹೊರಡಿ ಎಂದು ಹಿಂದಿಯಲ್ಲಿ ದಾರಿ ಹೇಳುವವನು ಇವನೇ. "ರುಕೋ, ರುಕೋ... ಅಭಿ ನಹೀಂ... ಹಾಂ, ಅಬ್ ಚಲೋ!" ಶಕುಂತಲಾ ಕೊತ್ತಂಬರಿ ಸೊಪ್ಪು ಬಿಡಿಸುತ್ತ ಗೋಡೆಯ ಈಚೆ ಕುಳಿತು ಕೇಳುತ್ತಿದ್ದಳು. ಆಟ ಅವಳಿಗೆ ತಿಳಿಯದು. ಉಸಿರು ಎಲ್ಲಿ ಎಳೆದ, ಎಲ್ಲಿ ಬಿಟ್ಟ ಎನ್ನುವುದು ತಿಳಿಯುತ್ತಿತ್ತು. ತವರೂರು ಬ್ರಹ್ಮಾವರದಲ್ಲಿ ಅವಳ ಅಪ್ಪಯ್ಯ ಸುಬ್ಬರಾಯರು ಸಂಜೆ ಷಟ್ಪದಿ ಓದುವಾಗಲೂ ಅವಳು ಹೀಗೆಯೇ ಕಂಬಕ್ಕೊರಗಿ ಕೇಳುತ್ತಿದ್ದಳು. ಒಮ್ಮೆ ಅವರು ಉಸಿರಿಗೆಂದು ನಿಲ್ಲಿಸಿದಾಗ ಮುಂದಿನ ಸಾಲನ್ನು ಇವಳೇ ಹೇಳಿಬಿಟ್ಟಿದ್ದಳು. ಅವರು ಬೈಯಲಿಲ್ಲ. ಪುಸ್ತಕ ಮುಚ್ಚಿ ಎದ್ದುಹೋದರು. ಆ ಸಂಜೆ ಪುನಃ ಓದಲಿಲ್ಲ.

ಬರುವ ಭಾನುವಾರ ತಂಡಕ್ಕೆ ದೊಡ್ಡ ಪಂದ್ಯವಿತ್ತು. ಗೆದ್ದರೆ ಅಹಮದಾಬಾದಿನಲ್ಲಿ ವೇದಿಕೆಯ ಮೇಲೆ, ಜನರೆದುರು ಆಡಬಹುದು. ಪೆಟ್ಟಿಗೆ ಹೀಗೆ ನಡುವೆ ಕಣ್ಣು ಮುಚ್ಚಿದರೆ ಐದೂ ಜನ ಮನೆಯಲ್ಲೇ.

"ಎಂತ ಮಾರಾಯ್ತಿ, ಆರು ವರ್ಷ ದುಡೀಲಿಲ್ವಾ ಅದು?" ಊಟಕ್ಕೆ ಮೇಲೆ ಬಂದ ಲಕ್ಷ್ಮೀನಾರಾಯಣ ಸಾರು ಸುರಿದುಕೊಳ್ಳುತ್ತ ಹೇಳಿದ. "ನಮ್ಮ ಗ್ರೈಂಡರೂ ಅಷ್ಟು ಬಾಳಿಕೆ ಬರ್ಲಿಲ್ಲ. ಹೊಸತೇ ತಕ್ಕೊಳ್ಳಲಿ. ಹೇಗೂ ದೀಪಾವಳಿ ಬಂತಲ್ಲ."

"ನ... ನಂ..."

"ನಂಗೂ ಹೊಸತೇ ಬೇಕು ಅಂತಾನೆ," ಎಂದಳು ಶಕುಂತಲಾ. ಕಿರಣ ತಟ್ಟೆಯ ಕಡೆಗೆ ತಲೆ ತಗ್ಗಿಸಿದ.

"ಆಯ್ತಲ್ಲ ಮತ್ತೆ," ಎಂದು ಲಕ್ಷ್ಮೀನಾರಾಯಣ ಮಜ್ಜಿಗೆಗೆ ಕೈಯೊಡ್ಡಿದ. "ನಾಳೆ ನೀವಿಬ್ರೂ ಹೋಗಿ ಬನ್ನಿ."

ಮರುದಿನ ಪೆಟ್ಟಿಗೆಯನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಸ್ಟೇಷನ್ ಹತ್ತಿರದ ಕಾಂಪ್ಲೆಕ್ಸಿಗೆ ಹೋದರು. ನೆಲಮಾಳಿಗೆಯಲ್ಲಿ ಹಸ್ಮುಖಭಾಯಿಯ ಅಂಗಡಿ. ಹೊಸತನ್ನು ಮಾರುವವನೂ ಹಳತನ್ನು ರಿಪೇರಿ ಮಾಡುವವನೂ ಅವನೊಬ್ಬನೇ. ಹಣೆಗೇರಿಸಿದ್ದ ಕನ್ನಡಕವನ್ನು ಮೂಗಿಗಿಳಿಸಿ, ಸ್ಕ್ರೂ ಬಿಚ್ಚಿ, ಒಳಗಿನಿಂದ ಇಟ್ಟಿಗೆಯಂಥ ಒಂದು ಕಾರ್ಡನ್ನು ಎಳೆದು ತೆಗೆದ.

"ಆಟದ ಚಿತ್ರವನ್ನೆಲ್ಲ ಬರೆಯೋದು ಇದು, ಬೆನ್," ಎಂದು ಶಕುಂತಲಾಳನ್ನು ಅಕ್ಕನೆಂದು ಕರೆದು ಹಿಂದಿಯಲ್ಲಿ ಹೇಳಿದ. "ಇದಕ್ಕೆ ಉಸಿರು ಕಟ್ಟಿದೆ."

ಕಾರ್ಡಿನ ಫ್ಯಾನುಗಳನ್ನು ಕಳಚಿದಾಗ ಕೆಳಗೆ ಒತ್ತೊತ್ತಾಗಿ ನಿಂತ ಲೋಹದ ತೆಳು ರೆಕ್ಕೆಗಳು ಕಂಡವು. ಅವುಗಳ ಸಂದಿನಲ್ಲಿ ಜಿಡ್ಡುಗಟ್ಟಿದ ಕಪ್ಪು ಮಸಿ. ಹಸ್ಮುಖಭಾಯಿ ಬ್ರಷ್ ತಿರುಗಿಸಿದ. ಮೇಜಿನ ಮೇಲೆ ಹಾಸಿದ್ದ ಪೇಪರಿಗೆ ಏನೋ ಟಪಟಪ ಉದುರಿತು. ಒಂದನ್ನು ಚಿಮ್ಮಟದಲ್ಲಿ ಎತ್ತಿ ಬೆಳಕಿಗೆ ಹಿಡಿದ. ಅಕ್ಕಿ ಕಾಳು. ಒಂದು ತುದಿ ಇನ್ನೂ ಹಳದಿಯಾಗಿತ್ತು.

"ಬೆನ್, ಇದರಲ್ಲಿ ಖಿಚಡಿ ಬೇಯಿಸ್ತಿದ್ರಾ?"

ಶಕುಂತಲಾಳ ಕಿವಿ ಬಿಸಿಯಾಯಿತು. ಪ್ರತಿ ಮಹಾನವಮಿಗೆ ಹೋಟೆಲಿನ ಗ್ರೈಂಡರು, ಈಳಿಗೆಮಣೆ, ಸ್ಕೂಟರುಗಳ ಪೂಜೆ ಮುಗಿಸಿ ಮೇಲೆ ಬಂದು ಕಂಪ್ಯೂಟರಿಗೂ ಕುಂಕುಮವಿಟ್ಟು, ಜಾಲರಿಯ ಮೇಲೆ ಹಿಡಿ ತುಂಬ ಅಕ್ಷತೆ ಹಾಕುತ್ತಿದ್ದಳು. ಮಗನ ಮಾತು ಬಿಡಿಸುವ ವಸ್ತು ಅದು. ಅದಕ್ಕೆ ಗ್ರೈಂಡರಿಗಿಂತ ಒಂದು ಹಿಡಿ ಹೆಚ್ಚೇ. ದಿನವೂ ಬೆಳಿಗ್ಗೆ ದೇವರಿಗೆ ಬೆಳಗಿದ ಕರ್ಪೂರದಾರತಿಯನ್ನು ಅದಕ್ಕೂ ಒಂದು ಸುತ್ತು ತೋರಿಸುತ್ತಿದ್ದಳು.

"ನಾನೇ ಹಾಕಿದ್ದು. ಪೂಜೆಗೆ," ಎಂದಳು.

ಹಸ್ಮುಖಭಾಯಿ ನಗುವನ್ನು ಅರ್ಧಕ್ಕೇ ನುಂಗಿಕೊಂಡ. "ಧನತೇರಸದ ಪೂಜೆಗೆ ನನ್ನ ಹೆಂಡತಿಯೂ ಲ್ಯಾಪ್‌ಟಾಪಿಗೆ ಕುಂಕುಮ ಹಚ್ತಾಳೆ. ಆದ್ರೆ ಹೊರಗೆ, ಬೆನ್, ಹೊರಗೆ!"

ಅವಳು ಪೇಪರಿನಿಂದ ನಾಲ್ಕು ಕಾಳು ಆರಿಸಿ ಅಂಗೈಯಲ್ಲಿಟ್ಟುಕೊಂಡಳು. ಮಗನ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

"ನಿಂಗೆ ಗೊತ್ತಿತ್ತಾ?"

ಕಿರಣ ಹೌದೆಂದು ತಲೆಯಾಡಿಸಿದ. ಎರಡೂ ಕೈಯಲ್ಲಿ ಪೆಟ್ಟಿಗೆಯನ್ನು ಕವುಚಿ ಕೊಡವುವಂತೆ ಮಾಡಿ ತೋರಿಸಿದ. ವರ್ಷವರ್ಷವೂ ಅವಳು ಕೆಳಗೆ ಹೋದ ಮೇಲೆ ಕೈಗೆ ಸಿಕ್ಕಷ್ಟನ್ನು ತೆಗೆಯುತ್ತಿದ್ದ.

"ಮತ್ತೆ ನಂಗೆ ಹೇಳ್ಬಾರ್ದಿತ್ತಾ ಮಗಾ?"

"ನೀ... ನೀ... ನೀ ಹಾ..."

"ನಾನು ಬೇಜಾರು ಮಾಡ್ಕೊಳ್ತೇನೆ ಅಂತ."

ಕಿರಣ ಅಡ್ಡಡ್ಡ ತಲೆಯಾಡಿಸಿದ. ತೆರೆದ ಬಾಯಿ ಒಂದು ಕ್ಷಣ ಹಾಗೆಯೇ ಇತ್ತು, ಆಮೇಲೆ ಮುಚ್ಚಿಕೊಂಡಿತು.

ಹಿಂದೆಯೂ ಹೀಗೆ ತಲೆಯಾಡಿಸಿದ್ದನೇ? ಶಕುಂತಲಾಳಿಗೆ ನೆನಪಾಗಲಿಲ್ಲ. ಮಾತು ಮುಗಿಸಿದ ಮೇಲೆ ಅವನ ಮುಖ ನೋಡುವ ರೂಢಿ ಅವಳಿಗಿರಲಿಲ್ಲ. ನಿನ್ನೆ ಊಟದ ಹೊತ್ತಿಗೂ ನೋಡಿರಲಿಲ್ಲ.

ಹಸ್ಮುಖಭಾಯಿ ಕಾರ್ಡನ್ನು ಒರೆಸುತ್ತ ಕಿರಣನಿಗೆ ಹೇಳಿದ: "ನೋಡು ಬೇಟಾ. ತೊಳೆದು, ಬಿಸಿ ಎಳೆಯೋ ಹೊಸ ಪೇಸ್ಟ್ ಹಚ್ಚಿ ಸಂಜೆಗೆ ಕೊಡ್ತೇನೆ. ತಣ್ಣಗೆ ಓಡ್ತದೆ. ಎಷ್ಟು ದಿನ ಅಂತ ಕೇಳ್ಬೇಡ. ಹಳೆ ಜೀವ, ಆಟದ ನಡುವೆ ಕೈ ಕೊಟ್ರೂ ಕೊಟ್ಟೀತು. ಹೊಸ ಕಾರ್ಡೇ ಬೇಕು ಅಂದ್ರೆ ಇದರ ಪವರ್ ಸಪ್ಲೈ ಅದರ ಭಾರ ತಾಳೋದಿಲ್ಲ, ಎಲ್ಲ ಹೊಸತೇ ಆಗ್ಬೇಕು. ಅಹಮದಾಬಾದಿಂದ ಬರುವಾಗ ಭಾನುವಾರ ದಾಟ್ತದೆ. ಆವತ್ತು ನೀನು ಗೇಮಿಂಗ್ ಕೆಫೆಗೆ ಹೋಗಿ ಆಡ್ಬೇಕು."

ಕೆಫೆ ಎಂದಾಗ ಕಿರಣ ಬಿಚ್ಚಿಟ್ಟ ಪೆಟ್ಟಿಗೆಯ ಕಡೆ ನೋಡಿದ. ಅಲ್ಲಿ ಅಕ್ಕಪಕ್ಕ ಇಪ್ಪತ್ತು ಜನ ಅಪರಿಚಿತರು.

"ಬೋಲ್ ಬೇಟಾ, ಶು ಕರವು ಛೆ? ಏನು ಮಾಡೋಣ?"

ಹಿಂದೆ ಲ್ಯಾಪ್‌ಟಾಪ್ ಹಿಡಿದು ನಿಂತವನೊಬ್ಬ ಗಡಿಯಾರ ನೋಡಿಕೊಂಡ. ಕಿರಣನ ತುಟಿ ಮನೆಯ ಕನ್ನಡಕ್ಕೇ ತೆರೆಯಿತು. "ಹ... ಹ..." ಕುತ್ತಿಗೆಯ ನರ ಉಬ್ಬಿತು. ಹಳತೂ ಹೊಸತೂ ಒಂದೇ ಅಕ್ಷರದ ಆಚೆಗಿದ್ದವು. ಲಕ್ಷ್ಮೀನಾರಾಯಣ ಹೇಳಿ ಕಳಿಸಿದ ಉತ್ತರ ಶಕುಂತಲಾಳ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಹಸ್ಮುಖಭಾಯಿಯ ಕಣ್ಣು ಆಗಲೇ ಮಗನಿಂದ ಅವಳ ಕಡೆಗೆ ತಿರುಗಿತ್ತು.

ಕಿರಣ ಅವಳ ಸೆರಗಿನ ಅಂಚು ಹಿಡಿದು, ಪಿಸುದನಿಯಲ್ಲಿ ಹೇಳಿದ: "ನೀ... ನೀನೇ ಹೇಳಮ್ಮ."

ಶಕುಂತಲಾ ಅಕ್ಷತೆ ಕಾಳುಗಳ ಮೇಲೆ ಮುಷ್ಟಿ ಮುಚ್ಚಿದಳು. ಕಾಲಿನಿಂದ ಸ್ಟೂಲನ್ನು ಎಳೆದುಕೊಂಡು, ಮಗನ ಮುಖಕ್ಕೆ ಎದುರಾಗಿ ಕುಳಿತಳು.

"ಇಲ್ಲ ಮಗಾ," ಎಂದಳು. "ನಾ ಹೇಳುದಿಲ್ಲ."