ನೀಲಿ ತುಟಿಯ ಹೆಂಡತಿ, ಉತ್ತರ ಹೇಳುವ ಗಂಡ

ತುರ್ತು ವಾರ್ಡಿನಲ್ಲಿ ಇಪ್ಪತ್ತೆರಡು ವರ್ಷದಿಂದ ನರ್ಸಾಗಿರುವ ನನಗೆ ರೋಗಿಗಳ ಮೇಲೆ ಸಿಟ್ಟು ಬರುವುದು ಕಡಿಮೆ. ಜೊತೆಗೆ ಬಂದವರ ವಿಷಯಕ್ಕೆ ಮಾತ್ರ ಅದು ಮೂಗಿನ ತುದಿಯಲ್ಲೇ ಇರುತ್ತದೆ. ಆ ಬೆಳಿಗ್ಗೆ ಬಂದ ಹೆಂಗಸಿನ ತುಟಿ, ಉಗುರು ಎಲ್ಲ ಶಾಯಿ ಮೆತ್ತಿದ ಹಾಗೆ ನೀಲಿಗಟ್ಟಿದ್ದವು. ಆಮ್ಲಜನಕದ ಮಾಸ್ಕ್ ಹಾಕಿದರೂ ಬಣ್ಣ ಬದಲಾಗಲಿಲ್ಲ. ಸಿರಿಂಜಿಗೆ ಬಂದ ರಕ್ತ ಕಾಫಿ ಡಿಕಾಕ್ಷನ್ನಿನಂತೆ ಕಂದು ಬಣ್ಣಕ್ಕಿತ್ತು.

"ಹೃದಯ, ಶ್ವಾಸಕೋಶ ಸರಿಯಾಗೇ ಇವೆ," ಎಂದರು ಡಾಕ್ಟರಮ್ಮ, ನನಗಷ್ಟೇ ಕೇಳುವಂತೆ. "ಏನೋ ಒಳಗೆ ಹೋಗಿ ರಕ್ತ ಕೆಡಿಸಿದೆ. ಇಂಜೆಕ್ಷನ್ ಕೊಡ್ಬಹುದು. ಆದ್ರೆ ಅದೇನು ಅಂತ ಗೊತ್ತಾಗ್ದಿದ್ರೆ ಮನೆಗೆ ಹೋಗಿ ಮತ್ತೆ ಅದನ್ನೇ ತಗೋತಾರೆ. ಆಗ ಇಲ್ಲಿವರೆಗೂ ಬರೋಕಾಗಲ್ಲ."

ಪ್ರಶ್ನೆಗಳು ಶುರುವಾದವು. ಪಕ್ಕದಲ್ಲಿ ಗಂಡ, ನಿವೃತ್ತ ಬಸ್ ಕಂಡಕ್ಟರ್.

"ಯಾವಾಗಿಂದ ಸುಸ್ತು ಅಮ್ಮಾ?"

"ನಿನ್ನೆ ಸಂಜೆಯಿಂದ," ಎಂದದ್ದು ಗಂಡ.

"ಔಷಧಿ ಏನಾದ್ರೂ ತಗೋತೀರಾ?"

"ನಮ್ಮನೇಲಿ ಮಾತ್ರೆ ಡಬ್ಬಿನೇ ಇಲ್ಲ ಡಾಕ್ಟ್ರೇ. ಇವಳ್ದು ಗಟ್ಟಿ ಜೀವ."

ಆಕೆ ಬಾಯಿ ತೆರೆಯುವ ಮೊದಲೇ ಟಿಕೆಟ್ ಹರಿದು ಕೊಟ್ಟ ಹಾಗೆ ಉತ್ತರ ಕೊಡುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು.

"ಯಜಮಾನ್ರೇ, ಕೌಂಟರ್‌ನಲ್ಲಿ ಚೀಟಿ ಮಾಡಿಸ್ಕೊಂಡು ಬನ್ನಿ," ಎಂದು ಸಾಗಹಾಕಿದೆ.

ಡಾಕ್ಟರಮ್ಮ ಮಾಸ್ಕನ್ನು ಸ್ವಲ್ಪ ಎತ್ತಿದರು. "ಔಷಧಿ ಮಾತು ಬಿಡಿ ಅಮ್ಮಾ. ನಿನ್ನೆ ಎದ್ದಾಗಿಂದ ಬಾಯಿಗೆ ಏನೇನು ಮುಟ್ಟಿಸಿದ್ರಿ, ಅದನ್ನ ಹೇಳಿ."

ಆಕೆ ಬಾಗಿಲ ಕಡೆ ಒಮ್ಮೆ ನೋಡಿ, ಕೈಚೀಲದಿಂದ ಹಿಂಡಿ ಹಿಪ್ಪೆಯಾದ ಟ್ಯೂಬೊಂದನ್ನು ತೆಗೆದರು.

"ಹಲ್ಲುನೋವು. ಇದನ್ನ ವಸಡಿಗೆ ಸವರಿದ್ರೆ ಜೋಮು ಹಿಡಿಯುತ್ತೆ. ಎರಡು ದಿನದಲ್ಲಿ ಮೂರು ಖಾಲಿಯಾಯ್ತು. ನುಂಗೋದಲ್ವಲ್ಲ, ಇದೂ ಔಷಧಿ ಲೆಕ್ಕಾನಾ?"

"ಇದೇ ಅಮ್ಮಾ, ಜೋಮು ಹಿಡಿಸೋ ಈ ಔಷಧಿ ಅತಿಯಾದ್ರೆ ರಕ್ತಕ್ಕೆ ಆಮ್ಲಜನಕ ಹೊರೋಕಾಗಲ್ಲ, ಇನ್ನು ಮುಟ್ಟಬೇಡಿ," ಎಂದರು ಡಾಕ್ಟರಮ್ಮ.

ಇಂಜೆಕ್ಷನ್ ಕೊಟ್ಟು ಒಂದು ಗಂಟೆಯೊಳಗೆ ತುಟಿಗೆ ಕೆಂಪು ಬಂತು. ನನಗೆ ಹೋದ ಜೀವ ಬಂದ ಹಾಗಾಯಿತು. ವಿಷಯ ಕೇಳಿ ಗಂಡನ ಮುಖ ಸಪ್ಪೆಯಾಯಿತು.

"ಮೂವತ್ತೆಂಟು ವರ್ಷ ಒಂದೇ ಮನೇಲಿದ್ದೀವಿ. ಹಲ್ಲು ನೋಯ್ತಿದೆ ಅಂತ ನಂಗೊಂದು ಮಾತು ಹೇಳ್ಬಾರ್ದಿತ್ತಾ?"

"ಹೇಳೋಕೆ ಬಂದೆ. 'ಏನೂ ಆಗಿಲ್ಲ ನಿಂಗೆ' ಅಂತ ನೀವೇ ಹೇಳಿಬಿಟ್ರಿ," ಎಂದರು ಆಕೆ. ದನಿಯಲ್ಲಿ ಕೋಪವಿರಲಿಲ್ಲ.

ಗಂಡ ಸ್ಟೂಲು ಎಳೆದುಕೊಂಡು ಹತ್ತಿರ ಕೂತರು.

"ಈಗ ನೋವು ಹೇಗಿದೆ?"

ಆಕೆ ತಕ್ಷಣ ಉತ್ತರಿಸಲಿಲ್ಲ. ಅವರು ಕಾದರು.