ತಂದೆ ಒಬ್ಬನೇ ಇಳಿದು ಬಂದ

"ಹೋಗೋವಾಗ ಇಬ್ಬರೂ ಕೂಡಿ ಹೋದ್ರು ಅಂತೈತ್ರಿ ಸರ್. ಬರೋವಾಗ ಅಪ್ಪ ಒಬ್ಬನ ಬಂದಾನ. ಮಗ ಎಲ್ಲಿ ಹೋದ?"

ಕಲಬುರಗಿಯ ಕಡೆಯ ಹುಡುಗ ಶರಣು ಕೇಳಿದ್ದಕ್ಕೆ ಜಹೀರ್ ಪುಸ್ತಕದ ಹಾಳೆ ತಿರುವಿದ. ಯಲಹಂಕದ ಈ ಕಾಲೇಜಿನಲ್ಲಿ ಅವನು ಪಾಠ ಮಾಡುವುದೇ ಬೇರೆ ಬೇರೆ ಧರ್ಮಗಳ ಕಥೆಗಳ ಬಗ್ಗೆ. ಪ್ರತಿ ವರ್ಷ ಈ ಪ್ರಶ್ನೆಯನ್ನು ತರಗತಿಯ ಮುಂದಿಟ್ಟು ತಮಾಷೆ ನೋಡುತ್ತಿದ್ದವನೂ ಅವನೇ. ಇವತ್ತು ಮಾತ್ರ ಅದು ಬೇಡವಾಗಿತ್ತು.

ಯೆಹೂದಿಗಳ ಧರ್ಮಗ್ರಂಥ ತೋರಾದಲ್ಲಿ ಅಬ್ರಹಾಮ ತನ್ನ ಮಗ ಇಸಾಕನನ್ನು ದೇವರಿಗೆ ಬಲಿ ಕೊಡಲು ಬೆಟ್ಟ ಹತ್ತುತ್ತಾನೆ. ಕತ್ತಿ ಎತ್ತಿದಾಗ ದೇವದೂತ ತಡೆಯುತ್ತಾನೆ. ಮಗ ಉಳಿದುಕೊಳ್ಳುತ್ತಾನೆ. ಆದರೆ ಬೆಟ್ಟ ಇಳಿದು ಬಂದವರಲ್ಲಿ ಮಗನ ಹೆಸರಿಲ್ಲ. ಜಹೀರ್ ಬಕ್ರೀದಿಗೆ ಮನೆಯಲ್ಲಿ ಕೇಳಿ ಬೆಳೆದ ಕಥೆಯಲ್ಲಿ ಮಗನ ಹೆಸರೇ ಬೇರೆ. ಅಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿದ್ದಿಲ್ಲ.

"ರಬ್ಬಿಗಳು, ಅಂದ್ರೆ ಅವರ ಪಂಡಿತರು, ಬೇಕಾದಷ್ಟು ಉತ್ತರ ಕೊಟ್ಟಿದಾರೆ. ಶೇಮ ಅನ್ನೋ ಹಿರಿಯನ ಹತ್ರ ಓದೋಕೆ ಕಳಿಸಿದ ಅಂತ ಒಬ್ರು. ಜನರ ಕಣ್ಣು ಬೀಳುತ್ತೆ ಅಂತ ಗುಟ್ಟಾಗಿ ಸಾಗಹಾಕಿದ ಅಂತ ಇನ್ನೊಬ್ರು. ಕತ್ತಿ ಸ್ವಲ್ಪ ತಾಗಿತ್ತು, ಗಾಯ ಮಾಯೋವರೆಗೂ ಸ್ವರ್ಗದ ತೋಟದಲ್ಲಿದ್ದ ಅಂತ ಮತ್ತೊಬ್ರು."

"ಯಾವುದು ಖರೆ ಸರ್?"

"ಪರೀಕ್ಷೇಲಿ ಮೂರೂ ಬರೀರಿ."

ಎಲ್ಲರೂ ನಕ್ಕರು. ಶರಣು ನಗಲಿಲ್ಲ.

"ಅಪ್ಪನ ಜೋಡಿ ಬರಾಕ ಒಲ್ಲೆ ಅಂದಿರಬೇಕು ಬಿಡ್ರಿ."

ಜಹೀರ್ ಹಾಜರಿ ಕೂಗತೊಡಗಿದ.

ಅವತ್ತು ಬೆಳಿಗ್ಗೆ ಅವನು ತನ್ನ ಮಗ ಜೀಷಾನನನ್ನು ಮಾಕಳಿಯ ಒಂದು ಚಟ ಬಿಡಿಸುವ ಕೇಂದ್ರದಲ್ಲಿ ಬಿಟ್ಟು ಬಂದಿದ್ದ. ಯಾವುದೋ ಮಾತ್ರೆಗಳನ್ನು ನುಂಗಿ ನುಂಗಿ ಹುಡುಗ ಎಲುಬಿನ ಗೂಡಾಗಿದ್ದ. ಹೆಂಡತಿ ಅಕ್ಬರಿಯ ಬಳಿ ನಿಜ ಹೇಳಿದ್ದರೆ ಬಾಗಿಲಿಗೆ ಅಡ್ಡ ಮಲಗಿಬಿಡುತ್ತಿದ್ದಳು. ಅದಕ್ಕೇ ತುಮಕೂರು ರಸ್ತೆಯಲ್ಲಿ ಹೊಸ ಕಾಲೇಜು, ಅಲ್ಲೇ ಹಾಸ್ಟೆಲ್ ಎಂದಿದ್ದ. ಮಗನಿಗೂ ಅದನ್ನೇ ಹೇಳಿದ್ದ.

"ಲೈಬ್ರರಿ ದೊಡ್ಡದಿದೆಯಾ ಅಬ್ಬಾ?" ಎಂದು ಜೀಷಾನ್ ಕ್ಯಾಬಿನಲ್ಲಿ ಕೇಳಿದ್ದ.

"ನೋಡೋಣ."

ಗೇಟು ಮುಚ್ಚಿದ ಮೇಲೆ ಕೇಂದ್ರದ ಇಬ್ಬರು ಬಂದು ಹುಡುಗನ ತೋಳು ಹಿಡಿದರು. ಅವನು ಕೊಸರಲಿಲ್ಲ, ಕೂಗಲಿಲ್ಲ. ಅಪ್ಪನನ್ನು ಒಂದು ಸಲ ನೋಡಿದ, ಅಷ್ಟೆ. ಕೂಗಿದ್ದರೆ ವಾಸಿಯಿತ್ತು.

ಸಂಜೆ ಹೆಬ್ಬಾಳದಲ್ಲಿ ಬಸ್ಸು ಮುಂದೆ ಹೋಗದೆ ನಿಂತಾಗ, ಪಾಠದಲ್ಲಿ ತಾನು ಹೇಳದೆ ನುಂಗಿಕೊಂಡಿದ್ದು ಜಹೀರನಿಗೆ ನೆನಪಾಯಿತು. ಅಬ್ರಹಾಮ ಹೊರಡುವಾಗ ಮಗನನ್ನು ಓದಲು ಸೇರಿಸಿ ಬರುತ್ತೇನೆಂದು ತಾಯಿಗೆ ಹೇಳಿದನಂತೆ. ಇದೂ ರಬ್ಬಿಗಳ ಮಾತೇ. ತೋರಾದಲ್ಲಿ ಮುಂದಿನ ಅಧ್ಯಾಯ ಶುರುವಾಗುವುದು ಆ ತಾಯಿ ಸಾರಳ ಸಾವಿನಿಂದ. ಮಗನನ್ನು ಬಲಿಗೆ ಒಯ್ದ ಸುದ್ದಿ ಕೇಳಿಯೇ ಅವಳ ಜೀವ ಹೋಯಿತೆಂದು ಎರಡನ್ನೂ ಅವರು ಜೋಡಿಸಿದ್ದರು. ಇಷ್ಟು ವರ್ಷ ಜಹೀರನಿಗೆ ಅದು ಬರೀ ಜಾಣ ವ್ಯಾಖ್ಯಾನವಾಗಿ ಕಂಡಿತ್ತು.

ಆರ್.ಟಿ. ನಗರದ ಮನೆಯಲ್ಲಿ ಅಕ್ಬರಿ ಕಾಯುತ್ತಿದ್ದಳು.

"ರೂಮು ಚೆನ್ನಾಗಿದೆಯಾ?"

"ಹ್ಞೂಂ."

"ಕಿಟಕಿ?"

"ಇದೆ."

"ಜೊತೇಲಿ ಯಾರು?"

"ಒಳ್ಳೆ ಹುಡುಗರು."

ಅವನು ಬಿಚ್ಚಿಟ್ಟ ಅಂಗಿಯನ್ನು ಒಗೆಯಲು ಹಾಕುವ ಮುನ್ನ ಅವಳು ಎಂದಿನಂತೆ ಜೇಬಿಗೆ ಕೈ ಹಾಕಿದಳು. ಹಸಿರು ಬಟ್ಟೆಯ ಪಟ್ಟಿಯೊಂದು ಕೈಗೆ ಬಂತು. ಅದು ಇಮಾಂ ಜಾಮಿನ್. ಪ್ರಯಾಣ ಹೊರಟವರು ಕ್ಷೇಮವಾಗಿರಲೆಂದು ನಾಣ್ಯವಿಟ್ಟು ತೋಳಿಗೆ ಕಟ್ಟುವಂಥದ್ದು. ಬೆಳಿಗ್ಗೆ ಅವಳೇ ಮಗನಿಗೆ ಕಟ್ಟಿದ್ದಳು. ತಲುಪಿದ ಮೇಲೆ ಹೋದವನೇ ಅದನ್ನು ಬಿಚ್ಚಿ, ನಾಣ್ಯವನ್ನು ಆ ಊರಿನ ಬಡವರಿಗೆ ಕೊಡಬೇಕು. ಕೇಂದ್ರದವರು ಮೈಮೇಲೆ ದಾರ, ಪಟ್ಟಿ ಏನೂ ಬಿಡುವುದಿಲ್ಲವೆಂದು ಕತ್ತರಿಸಿ ಜಹೀರನ ಕೈಗೆ ಕೊಟ್ಟಿದ್ದರು. ಎಸೆಯಲು ಮನಸ್ಸು ಬಂದಿರಲಿಲ್ಲ. ಮನೆಗೆ ತರಬಾರದೆಂದು, ಇಷ್ಟೆಲ್ಲ ಓದಿದವನಿಗೆ ಹೊಳೆದೂ ಇರಲಿಲ್ಲ.

"ಅವನೇ ಬಿಚ್ಚಿ ಕೊಟ್ಟ," ಅಂದ.

ಅಕ್ಬರಿ ಬಟ್ಟೆಯನ್ನು ಬೆಳಕಿಗೆ ಹಿಡಿದಳು.

"ನಾನು ಹಾಕಿದ ಗಂಟು ಹಾಗೇ ಇದೆ. ಕತ್ತರಿ ಹಾಕಿದಾರೆ."

ಅವನು ಕತ್ತರಿಸಿದ ಅಂಚನ್ನು ನೋಡಿದ.

"ಬದುಕಿದಾನಾ?"

"ಇದಾನೆ. ಮಾಕಳೀಲಿ. ಚಟ ಬಿಡಿಸೋ ಕಡೆ. ಅವನ ಒಳ್ಳೇದಕ್ಕೇ…"

"ಎಲ್ಲಿಗೆ ಹೋಗ್ತಿದೀನಿ ಅಂತ ಅವನಿಗೆ ಗೊತ್ತಿತ್ತಾ?"

ಇದಕ್ಕೆ ಮೂರಲ್ಲ, ಒಂದು ಉತ್ತರವೂ ಜಹೀರನ ಬಳಿ ಇರಲಿಲ್ಲ. ಅವಳು ಬೈಯಲಿ, ತೋಳು ಹಿಡಿದು ಎಳೆದಾಡಲಿ ಎಂದು ಕಾದ. ಅಷ್ಟರಲ್ಲಿ ಪಕ್ಕದ ಮನೆಯ ರುಖ್ಸಾರ್ ಬಾಗಿಲಲ್ಲಿ ಇಣುಕಿದಳು.

"ಜೀಷಾನ್ ಕಾಣ್ತಾನೇ ಇಲ್ಲ, ಆಪಾ?"

"ಓದೋಕೆ ಹೋಗಿದಾನೆ," ಅಂದಳು ಅಕ್ಬರಿ. ದನಿ ಒಂದಿಷ್ಟೂ ನಡುಗಲಿಲ್ಲ. "ಹಾಸ್ಟೆಲ್ಲು. ರೂಮಿಗೆ ಕಿಟಕಿ ಇದೆಯಂತೆ. ಯಾರಿಗೂ ಹೇಳ್ಬೇಡ ಕಣೇ, ನಜರ್ ಆಗುತ್ತೆ, ಜನರ ಕಣ್ಣು ಬೀಳುತ್ತೆ."

ರುಖ್ಸಾರ್ ಹೋದಳು. ಅಕ್ಬರಿ ಬಾಗಿಲು ಹಾಕಿ ಬಂದು, ಚಾಪೆಯನ್ನೂ ಹಾಸದೆ ಬರಿ ನೆಲದ ಮೇಲೆ ಮಲಗಿ, ದುಪಟ್ಟಾವನ್ನು ಮುಖದ ಮೇಲೆ ಎಳೆದುಕೊಂಡಳು.

"ನಾಳೆ ಹೋಗಿ ಕರ್ಕೊಂಡು ಬರ್ತೀನಿ," ಅಂದ. ಒಂದು ತಿಂಗಳು ಯಾರನ್ನೂ ಒಳಗೆ ಬಿಡುವುದಿಲ್ಲವೆಂದು ಕೇಂದ್ರದವರು ಹೇಳಿದ್ದರು. "ಅಕ್ಬರಿ."

ಮುಖದ ಮೇಲಿನ ಬಟ್ಟೆ ಮೆಲ್ಲಗೆ ಅಲುಗುತ್ತಿತ್ತು. ಅದು ಅವಳ ಉಸಿರೋ, ಫ್ಯಾನಿನ ಗಾಳಿಯೋ ತಿಳಿಯಲಿಲ್ಲ. ಎದ್ದು ಹೋಗಿ ಫ್ಯಾನು ಆರಿಸಿದ. ರೆಕ್ಕೆಗಳು ನಿಧಾನವಾಗಿ ಸುತ್ತಿ ಸುತ್ತಿ ನಿಂತವು. ಅವನು ಅವಳ ಮೇಲೆ ಬಗ್ಗಿ, ಬಟ್ಟೆ ಅಲುಗುವುದನ್ನೇ ಕಾಯುತ್ತ ನಿಂತ.